ಕಗ್ಗತ್ತಲ ಕಡಲಿನ ಕಿರಿಯ ತಾಟೆ

ಅರುಣೋದಯಕ್ಕೆ ಮುನ್ನವೇ ಕೊಲಾಬಾದ ಸಸೂನ್ ಡಾಕಿಗೆ ಹೋಗಿ, ದೋಣಿಗಳಿಂದಿಳಿಯುವ ಬುಟ್ಟಿಗಳ ನಡುವೆ ನಿಂತು, ಮೀನುಗಳನ್ನು ಒಂದೊಂದಾಗಿ ಗುರುತಿಸುವುದು ನನಗೆ ವ್ರತದಂತಿರುವ ಹವ್ಯಾಸ. ಮೀನುಗಾರ ಕೋಳಿ ಸಮುದಾಯದ ಹೆಂಗಸರು ಮುಶಿಯೆಂದೂ ನಮ್ಮ ಕರಾವಳಿಯವರು ತಾಟೆಯೆಂದೂ ಕರೆಯುವ ಶಾರ್ಕ್ ಮೀನಿನ ಮೈಯನ್ನು ತಲೆಯಿಂದ ಬಾಲದತ್ತ ಸವರಿದರೆ ನುಣುಪು, ಬಾಲದಿಂದ ತಲೆಯತ್ತ ಸವರಿದರೆ ಉಪ್ಪುಕಾಗದದ ಒರಟು. ಅದರ ಚರ್ಮದ ತುಂಬ ಹಿಂದಕ್ಕೆ ಬಾಗಿದ ಸೂಕ್ಷ್ಮದಂತಗಳಿವೆ.

ಇದೇ ವಂಶದ, ಆಳಗಡಲಿನ ಬೆಕ್ಕುಶಾರ್ಕ್ ಒಂದನ್ನು ನಾನು ಈ ಬುಟ್ಟಿಗಳಲ್ಲಿ ಎಂದೂ ಕಂಡವನಲ್ಲ. ಮುಂಬಯಿಯ ಮುಂದೆ ಸಮುದ್ರತಲವು ಸುಮಾರು 300 ಕಿ.ಮೀ. ದೂರದವರೆಗೂ ಆಳವಿಲ್ಲದೆ ಹಾಸಿಕೊಂಡಿರುವಾಗ, ಕತ್ತಲಲ್ಲಿ ಬಾಳುವ ಆ ಜೀವಿ ಇಲ್ಲಿಗೆ ಬರುವುದಾದರೂ ಹೇಗೆ? ಆದರೂ ಅದಕ್ಕೂ ಈ ನಗರಕ್ಕೂ ಒಂದು ಋಣಾನುಬಂಧವುಂಟು. 1881ರಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ನೀರಿಗಿಳಿದ ‘ಇನ್ವೆಸ್ಟಿಗೇಟರ್’ ಎಂಬ ಸಮೀಕ್ಷಾನೌಕೆಯಲ್ಲಿ ವೈದ್ಯನೂ ನಿಸರ್ಗಶಾಸ್ತ್ರಜ್ಞನೂ ಆಗಿದ್ದ ಆಲ್ಫ್ರೆಡ್ ಆಲ್ಕಾಕನು, ಅಂಡಮಾನ್ ಸಮುದ್ರದಲ್ಲಿ ದೊರೆತ ಈ ಶಾರ್ಕನ್ನು 1891ರಲ್ಲಿ ಮೊದಲ ಬಾರಿಗೆ ವರ್ಣಿಸಿ, ‘ಬಿರುಸುರೋಮದ್ದು’ ಎಂಬರ್ಥದ ‘ಹಿಸ್ಪಿಡಸ್’ ಎಂಬ ಹೆಸರಿತ್ತನು. ಇಂದಿನ ಶಾಸ್ತ್ರನಾಮ ಬೈಥೀಲೂರಸ್ ಹಿಸ್ಪಿಡಸ್.

ಅಡಿಯಷ್ಟೇ ಉದ್ದದ ಈ ಪ್ರಾಣಿ ಕೇರಳದ ಎದುರಿನ ಆಳದಲ್ಲಿಯೂ ಇದೆ. ನೂರಾರು ಮೀಟರುಗಳ ಕೆಳಗೆ, ತಲದ ಬಳಿ, ಸಣ್ಣ ಮೀನು, ಸೀಗಡಿಯ ಜಾತಿ, ಬೊಂಡಾಸುಗಳನ್ನು ತಿಂದು ಬದುಕುತ್ತದೆ. ಬೆಕ್ಕುಶಾರ್ಕುಗಳಲ್ಲಿ ಬಹುತೇಕವು ಗಟ್ಟಿಕವಚದ ಮೊಟ್ಟೆಯಿಟ್ಟು ಹೊರಟುಹೋಗುವಂಥವು. ಇದಾದರೋ ಮರಿಗಳನ್ನು ಗರ್ಭದಲ್ಲಿಯೇ ಉಳಿಸಿಕೊಂಡು, ಅವು ತಮ್ಮ ಮೊಟ್ಟೆಯ ಹಳದಿಯನ್ನೇ ಉಂಡು ಬೆಳೆದ ಮೇಲೆ, ಹೆರುತ್ತದೆ. ನಮ್ಮ ಡಾಕಿನ ಚೂಪುಮೂತಿಯ ಪುಟ್ಟ ಮುಶಿಯು ಒಂದು ಮಿಲಿಮೀಟರಿನ ಅಂಡದಿಂದ ತೊಡಗಿ, ಮಾಸುಬಳ್ಳಿಯ ಮೂಲಕ ಉಣಿಸಿ, ಒಂದೊಂದು ಸಲ ಹತ್ತಕ್ಕೂ ಮಿಕ್ಕಿ ಮರಿಗಳನ್ನೀಯುವಾಗ, ಆಳದ ಈ ತಾಯಿಗೆ ಒಂದು ಸೂಲಿಗೆ ಎರಡೇ ಮರಿ.

ಎರಡೇ ಎಂಬ ಈ ಸಂಖ್ಯೆಯಲ್ಲಿಯೇ ಅದರ ಭವಿಷ್ಯವೆಲ್ಲ ಅಡಗಿದೆ. ಆಳಗಡಲಿನ ಸೀಗಡಿಗಾಗಿ ಬೀಸಿದ ಟ್ರಾಲ್ ಬಲೆಯಲ್ಲಿ, ಯಾರಿಗೂ ಬೇಡದ ಈ ಮೀನೂ ಸಿಕ್ಕಿ ಸಾಯುತ್ತದೆ. ಹಾಗೆ ಹೋದುದನ್ನು ತುಂಬಿಕೊಡಲು ನಿಸರ್ಗಕ್ಕೆ ದೀರ್ಘಕಾಲ ಬೇಕು. ಆದುದರಿಂದ, ಬಲೆಯೊಳಗೆ ಬಂದುದನ್ನೆಲ್ಲ ‘ಕಸ’ವೆಂದು ಎಸೆಯುವ ಮುನ್ನ ಎಣಿಸಿ, ಹೆಸರಿಸಿ ದಾಖಲಿಸುವ ಪದ್ಧತಿ ನಮ್ಮ ಬಂದರುಗಳಲ್ಲೆಲ್ಲ ಬೇರೂರಲಿ, ಸಸೂನ್ ಡಾಕಿಗೆ ಹೋಗುವ ಓದುಗರೂ ಒಂದು ಮುಶಿಯನ್ನಾದರೂ ಮುಟ್ಟಿ, ತಾಳ್ಮೆಯಿಂದ ನೋಡಲಿ.