ಒಂದು ಹನಿ ನೆತ್ತರು, ಒಂಬೈನೂರು ಕೋಟಿ ಡಾಲರು

ಹೂಲೂ ವಾಹಿನಿಯವರು 2022ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಎಂಟು ಕಂತುಗಳಾಗಿ ತೋರಿಸಿದ 'ದಿ ಡ್ರಾಪ್‌ಔಟ್' ಧಾರಾವಾಹಿಯನ್ನು ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ನೋಡಿದ್ದಾರೆ. ಥೆರಾನೋಸ್ ಎಂಬ ರಕ್ತಪರೀಕ್ಷೆಯ ಕಂಪನಿಯ ಏಳುಬೀಳಿನ ಕಥೆ. ಹೇಳಿಕೇಳಿ ನಾವು ವೈದ್ಯರಾದ್ದರಿಂದ ಊಟದ ಸಾಲಿನಲ್ಲಿ ನಿಂತಾಗ ಪ್ರಶ್ನೆ ನಮ್ಮ ಕಡೆಗೇ ಬರುತ್ತದೆ: "ಅಲ್ಲ ಡಾಕ್ಟ್ರೇ, ಒಂದು ಹನಿ ರಕ್ತದಲ್ಲಿ ಇನ್ನೂರು ಪರೀಕ್ಷೆ ಆಗೋದಿಲ್ಲ ಅಂತ ಅಷ್ಟು ದೊಡ್ಡ ಮನುಷ್ಯರಿಗೆ ಯಾಕೆ ಹೊಳೀಲಿಲ್ಲ?" ಈ ಪ್ರಶ್ನೆಗೆ ಧಾರಾವಾಹಿಯೇ ಸೊಗಸಾಗಿ, ನಗುನಗುತ್ತಾ ಉತ್ತರ ಹೇಳುತ್ತದೆ. ಆದರೆ ಆ ಹನಿ ಯಾರ ಬೆರಳಿನಿಂದ ಬಂತು, ಆ ಬೆರಳಿನವರಿಗೆ ಏನಾಯಿತು ಎಂಬುದನ್ನು ಮಾತ್ರ ಅದು ಸರಿಯಾಗಿ ಕೇಳುವುದೇ ಇಲ್ಲ. ಈ ಎರಡು ಮಾತನ್ನೂ ಇಲ್ಲಿ ಹೇಳಬೇಕೆಂದಿದ್ದೇವೆ.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡೋಣ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಎಲಿಜಬೆತ್ ಹೋಮ್ಸ್ ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, 2003ರಲ್ಲಿ, ಕಂಪನಿ ತೆಗೆದು ಓದು ಬಿಡುತ್ತಾಳೆ. ತೋಳಿನಿಂದ ಸಿರಿಂಜು ತುಂಬ ರಕ್ತ ಎಳೆಯುವ ಬದಲು ಬೆರಳ ತುದಿಯ ಹನಿಯಲ್ಲೇ ಎಲ್ಲ ಪರೀಕ್ಷೆ ಮಾಡುವ ಪುಟ್ಟ ಯಂತ್ರ ಅವಳ ಕನಸು. ಅವಳಿಗಿಂತ ಸುಮಾರು ಇಪ್ಪತ್ತು ವರ್ಷ ಹಿರಿಯನಾದ ಸನ್ನಿ ಬಲ್ವಾನಿ ಮೊದಲು ಗೆಳೆಯ, ಆಮೇಲೆ ಕಂಪನಿಯಲ್ಲಿ ಎರಡನೆಯ ಯಜಮಾನ. 2013ರಲ್ಲಿ ವಾಲ್‌ಗ್ರೀನ್ಸ್ ಔಷಧದ ಅಂಗಡಿಗಳಲ್ಲಿ ಇವರ ಪರೀಕ್ಷೆ ಶುರುವಾಯಿತು. 2014ರ ಹೊತ್ತಿಗೆ ಕಂಪನಿಯ ಬೆಲೆ ಒಂಬೈನೂರು ಕೋಟಿ ಡಾಲರ್ ಎಂದು ಲೆಕ್ಕ ಹಾಕಿದರು. 2015ರ ಅಕ್ಟೋಬರಿನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಜಾನ್ ಕ್ಯಾರಿರೂ ಗುಟ್ಟು ಬಯಲಿಗೆಳೆದರು. 2018ರಲ್ಲಿ ಬಾಗಿಲು ಮುಚ್ಚಿತು.

ಹೋಮ್ಸ್ ಪಾತ್ರದ ಅಮಾಂಡಾ ಸೈಫ್ರಿಡ್‌ಗೆ ಆ ವರ್ಷದ ಎಮ್ಮಿ ಬಂದದ್ದು ನ್ಯಾಯವೇ. ಕನ್ನಡಿಯ ಮುಂದೆ ನಿಂತು ಹುಡುಗಿಯೊಬ್ಬಳು ತನ್ನ ದನಿಯನ್ನು ಇಳಿಸಿ ಇಳಿಸಿ ಗಂಡಸರ ದನಿಯ ಹತ್ತಿರಕ್ಕೆ ತಂದುಕೊಳ್ಳುವುದನ್ನು ನೋಡುವಾಗ ನಗು ಬರುತ್ತದೆ, ಜೊತೆಗೇ ಅಯ್ಯೋ ಅನ್ನಿಸುತ್ತದೆ. ಸ್ಟೀವ್ ಜಾಬ್ಸ್‌ನ ಹಾಗೆ ಕುತ್ತಿಗೆಯವರೆಗಿನ ಕಪ್ಪು ಅಂಗಿ, ಹಸಿರು ಸೊಪ್ಪಿನ ರಸ, ರೆಪ್ಪೆ ಬಡಿಯದ ನೋಟ. ವೇಷ ಪೂರ್ತಿಯಾದಂತೆ ಒಳಗಿನ ಮನುಷ್ಯಳು ಕಾಣೆಯಾಗುತ್ತಾಳೆ. ಬಲ್ವಾನಿಯಾಗಿ ನವೀನ್ ಆಂಡ್ರೂಸ್ ಇದ್ದಾರೆ. 'ನಮ್ಮವನೊಬ್ಬ ಇದರಲ್ಲಿದ್ದಾನಲ್ಲ' ಎಂದು ಮುಜುಗರಪಟ್ಟವರು ಬಹಳ ಮಂದಿ. ಆತ ಪಾಕಿಸ್ತಾನದಲ್ಲಿ ಹುಟ್ಟಿ, ಭಾರತಕ್ಕೆ ಬಂದು, ಅಲ್ಲಿಂದ ಅಮೆರಿಕಕ್ಕೆ ಬಂದವರು. ನಮ್ಮವರೋ ಅಲ್ಲವೋ ಎಂಬ ಪಂಚಾಯಿತಿ ನಮಗೆ ಬೇಡ.

ನಾಲ್ಕನೆಯ ಕಂತೇ ಈ ಧಾರಾವಾಹಿಯ ಕಿರೀಟ. ವಾಲ್‌ಗ್ರೀನ್ಸ್‌ನ ಹಿರಿಯ ಅಧಿಕಾರಿಗಳು ಒಪ್ಪಂದದ ಮುಂಚೆ ಕಂಪನಿಯನ್ನು ನೋಡಲು ಬರುತ್ತಾರೆ. ಪ್ರಯೋಗಾಲಯ ತೋರಿಸಿ ಅನ್ನುತ್ತಾರೆ, ತೋರಿಸುವುದಿಲ್ಲ. ಅನುಮಾನಪಟ್ಟ ಒಬ್ಬನನ್ನು ಬಿಟ್ಟರೆ ಉಳಿದವರಿಗೆ ಒಂದೇ ಹೆದರಿಕೆ: ನಾವು ಬಿಟ್ಟರೆ ಎದುರಾಳಿ ಸೀವೀಎಸ್‌ನವರು ಹಾರಿಸಿಕೊಂಡು ಹೋದಾರು! ನಮ್ಮ ಕಡೆ 'ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ' ಅನ್ನುತ್ತಾರಲ್ಲ, ಇಲ್ಲಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಕರು ನೋಡದೆಯೇ ಗಿಣ್ಣಿಗೆ ಮುಂಗಡ ಕೊಟ್ಟು ಹೋಗುತ್ತಾರೆ.

ಆಡಳಿತ ಮಂಡಳಿಯ ಕಥೆಯೂ ಅಷ್ಟೇ. ಮಾಜಿ ವಿದೇಶಾಂಗ ಸಚಿವರಾದ ಜಾರ್ಜ್ ಶುಲ್ಟ್ಜ್, ಹೆನ್ರಿ ಕಿಸಿಂಜರ್, ಮಾಜಿ ರಕ್ಷಣಾ ಸಚಿವ ವಿಲಿಯಂ ಪೆರಿ. ನಮ್ಮ ವೃತ್ತಿಯವರು ಇರಲಿಲ್ಲವೇ ಎಂದರೆ, ಇದ್ದರು: ಹೃದಯ ಕಸಿ ಮಾಡುತ್ತಿದ್ದ, ಆಮೇಲೆ ಸೆನೆಟರ್ ಆದ ಬಿಲ್ ಫ್ರಿಸ್ಟ್. ಯುದ್ಧ, ಸಂಧಾನ, ಶಸ್ತ್ರಚಿಕಿತ್ಸೆ ಎಲ್ಲಕ್ಕೂ ಜನವಿದ್ದರು, ಆದರೆ ರಕ್ತಪರೀಕ್ಷೆಯ ಯಂತ್ರದ ಮುಂದೆ ಕೂತು ಕೆಲಸ ಮಾಡಿದವರನ್ನು ಕರೆದಂತೆ ಕಾಣುವುದಿಲ್ಲ. ಪತ್ರಿಕೆಯ ಒಡೆಯ ರೂಪರ್ಟ್ ಮರ್ಡಾಕ್ ಸ್ವತಃ ಹನ್ನೆರಡು ಕೋಟಿ ಡಾಲರಿಗೂ ಹೆಚ್ಚು ಹಣ ಹಾಕಿದ್ದರು. ಹೋಮ್ಸ್ ಹೋಗಿ ಕೇಳಿಕೊಂಡರೂ ತಮ್ಮ ಪತ್ರಿಕೆಯ ವರದಿಯನ್ನು ತಡೆಯಲಿಲ್ಲ ಎಂಬುದನ್ನು ಅವರ ಲೆಕ್ಕಕ್ಕೆ ಜಮಾ ಮಾಡಲೇಬೇಕು.

ದೊಡ್ಡವರ ಪೆದ್ದುತನವನ್ನು, ದುರಾಸೆಯನ್ನು ಹೀಗೆ ಎಳೆಎಳೆಯಾಗಿ ಬಿಡಿಸಿದ ಧಾರಾವಾಹಿ ವಿಜ್ಞಾನದ ಹತ್ತಿರ ಬಂದಾಗ ಅವಸರ ಮಾಡುತ್ತದೆ. ಯಂತ್ರ ಕೆಲಸ ಮಾಡುವುದಿಲ್ಲ ಎಂಬುದು ತಿಳಿಯುತ್ತದೆ, ಯಾಕೆ ಎಂಬುದು ತಿಳಿಯುವುದಿಲ್ಲ. ಊಟದ ಸಾಲಿನ ಪ್ರಶ್ನೆಗೆ ನಾವು ಇಲ್ಲಿ ಉತ್ತರ ಹೇಳಿಬಿಡುತ್ತೇವೆ.

ಊರಿನಲ್ಲಿ ಎಂಬಿಬಿಎಸ್ ಮಾಡಿದವರೆಲ್ಲ ಮೊದಲ ವರ್ಷದ ಫಿಸಿಯಾಲಜಿ ಪ್ರಾಕ್ಟಿಕಲ್ಸಿನಲ್ಲಿ ಸಾಹ್ಲಿ ಹೀಮೋಗ್ಲೋಬಿನೋಮೀಟರ್ ಹಿಡಿದವರೇ. ಪಕ್ಕದವನ ಬೆರಳಿಗೆ ಸ್ಪಿರಿಟ್ ಹಚ್ಚಿ, ಒಣಗಲು ಬಿಟ್ಟು, ಚುಚ್ಚಿ, ಮೊದಲ ಹನಿಯನ್ನು ಹತ್ತಿಯಿಂದ ಒರೆಸಿ ಹಾಕಿ, ಎರಡನೆಯ ಹನಿಯನ್ನು ಪಿಪೆಟ್ಟಿಗೆ ಎಳೆಯಬೇಕು. ಬೆರಳನ್ನು ಹಿಂಡಿದರೆ ಮೇಷ್ಟ್ರು ಬೈಯುತ್ತಿದ್ದರು. ಯಾಕೆಂದರೆ ಹಿಂಡಿದಾಗ ಸುತ್ತಲಿನ ಅಂಗಾಂಶದ ನೀರು ರಕ್ತಕ್ಕೆ ಸೇರುತ್ತದೆ, ಕೆಂಪು ಕಣಗಳು ಒಡೆಯುತ್ತವೆ. ಕಣ ಒಡೆದರೆ ಒಳಗಿನ ಪೊಟ್ಯಾಸಿಯಂ ಹೊರಗೆ ಬರುತ್ತದೆ. ಆರೋಗ್ಯವಾಗಿ ನಾಲ್ಕು ಇರುವವರ ಪೊಟ್ಯಾಸಿಯಂ ಕಾಗದದ ಮೇಲೆ ಆರು ದಾಟುತ್ತದೆ, ಅದನ್ನು ನಂಬಿದ ವೈದ್ಯ ರೋಗಿಯನ್ನು ಎಮರ್ಜೆನ್ಸಿಗೆ ಓಡಿಸುತ್ತಾನೆ. ಇದು ಹದಿನೆಂಟರ ಹುಡುಗರಿಗೆ ಹೇಳಿಕೊಡುವ ಪಾಠ.

ಹಾಗಾದರೆ ನಮ್ಮ ಮನೆಯ ಗ್ಲೂಕೋಮೀಟರ್ ಒಂದೇ ಹನಿಯಲ್ಲಿ ಸಕ್ಕರೆ ಹೇಳುತ್ತದಲ್ಲ ಎಂದೀರಿ. ಅದು ಒಂದೇ ಒಂದು ವಸ್ತುವನ್ನು ಅಳೆಯುತ್ತದೆ. ಥೈರಾಯ್ಡಿಗೆ ಒಂದು ಬಗೆಯ ರಸಾಯನಕ್ರಿಯೆ, ಕೊಲೆಸ್ಟರಾಲಿಗೆ ಇನ್ನೊಂದು, ಕಣ ಎಣಿಸಲು ಮತ್ತೊಂದೇ ಬಗೆಯ ಏರ್ಪಾಡು. ಎಲ್ಲಕ್ಕೂ ಪಾಲು ಬೇಕು, ಇರುವುದು ಹನಿ. ಥೆರಾನೋಸ್‌ನ 'ಎಡಿಸನ್' ಯಂತ್ರ ರೋಗಿಗಳ ಮೇಲೆ ಮಾಡಿದ್ದು ಹನ್ನೆರಡರಷ್ಟು ಪರೀಕ್ಷೆ ಮಾತ್ರ. ಉಳಿದದ್ದಕ್ಕೆ ಸೀಮೆನ್ಸ್‌ನಂಥ ಬೇರೆ ಕಂಪನಿಗಳ ಯಂತ್ರವನ್ನೇ ತಂದಿಟ್ಟುಕೊಂಡು, ಹನಿಗೆ ದ್ರಾವಣ ಬೆರೆಸಿ ಹೆಚ್ಚು ಮಾಡಿ ಅದಕ್ಕೆ ಉಣಿಸಿದರು. ಮನೆಯಲ್ಲಿ ಇಬ್ಬರಿಗೆ ಮಾಡಿದ ಸಾರನ್ನು ನೀರು ಹಾಕಿ ಇಪ್ಪತ್ತು ಮಂದಿಗೆ ಏರಿಸಿ, ಒಂದು ಚಮಚ ರುಚಿ ನೋಡಿ, ಮೊದಲು ಉಪ್ಪು ಎಷ್ಟಿತ್ತೆಂದು ಗುಣಾಕಾರ ಮಾಡಿದಂತೆ. ನಾಲಿಗೆ ಒಂದಿಷ್ಟು ತಪ್ಪಿದರೆ ತಪ್ಪಿಗೂ ಗುಣಾಕಾರವಾಗುತ್ತದೆ.

ಇದನ್ನೆಲ್ಲ ಬಲ್ಲವರು ಕಂಪನಿಯೊಳಗೇ ಇದ್ದರು. ಬ್ರಿಟನ್ನಿನ ಜೀವರಸಾಯನ ವಿಜ್ಞಾನಿ ಇಯಾನ್ ಗಿಬ್ಬನ್ಸ್ ಪಾತ್ರವನ್ನು ಸ್ಟೀಫನ್ ಫ್ರೈ ಮಾಡಿದ್ದಾರೆ, ನಮಗೆ ಅತ್ಯಂತ ಮೆಚ್ಚುಗೆಯಾದ ಅಭಿನಯ ಇದೇ. ಪೇಟೆಂಟ್ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಬೇಕಾಗಿ ಬಂದಾಗ, 2013ರ ಮೇ ತಿಂಗಳಲ್ಲಿ, ಗಿಬ್ಬನ್ಸ್ ಜೀವ ಕಳೆದುಕೊಂಡರು. ಹೆಂಡತಿ ಸುದ್ದಿ ತಿಳಿಸಿದರೆ ಕಂಪನಿಯಿಂದ ಬಂದದ್ದು ಲ್ಯಾಪ್‌ಟಾಪನ್ನೂ ಕಾಗದಪತ್ರಗಳನ್ನೂ ವಾಪಸು ಕೊಡಿ ಎಂಬ ಮಾತು. ಐದನೆಯ ಕಂತಿನ ಈ ಭಾಗದಲ್ಲಿ ವಿಡಂಬನೆ ಬಾಯಿ ಮುಚ್ಚಿಕೊಳ್ಳುತ್ತದೆ.

ಈಗ ಬೆರಳಿನವರ ವಿಷಯ. ರೋಗಿಗಳು ಧಾರಾವಾಹಿಯಲ್ಲಿ ಅಲ್ಲಿ ಇಲ್ಲಿ ಸುಳಿದು ಹೋಗುತ್ತಾರೆ. ಕಡೆಯ ಕಂತಿನಲ್ಲಿ ಖಾಲಿಯಾದ ಕಚೇರಿಯಲ್ಲಿ ಹೋಮ್ಸ್ ನಡೆದು ಹೋಗುವಾಗ ಕಂಪನಿಯ ವಕೀಲೆ ಹಿಂದಿನಿಂದ, ನೀನು ಜನಕ್ಕೆ ನೋವು ಮಾಡಿದೆ ಎಂದು ಕೂಗಿ ಹೇಳುತ್ತಾಳೆ. ಆ ಜನ ಯಾರು? ಅರಿಜೋನಾದ ಒಬ್ಬ ಹೆಂಗಸು ನ್ಯಾಯಾಲಯದಲ್ಲಿ ಹೇಳಿದ್ದನ್ನು ಕೇಳಿ. ಮೂರು ಸಲ ಗರ್ಭಪಾತವಾಗಿದ್ದ ಆಕೆ 2014ರಲ್ಲಿ ಮತ್ತೆ ಬಸುರಿ. ಬಸುರಿನ ಹಾರ್ಮೋನು ಎಚ್‌ಸೀಜಿ ಮೊದಮೊದಲು ಎರಡು ಮೂರು ದಿನಕ್ಕೊಮ್ಮೆ ಇಮ್ಮಡಿಯಾಗಬೇಕು. ಥೆರಾನೋಸ್ ರಿಪೋರ್ಟಿನಲ್ಲಿ ಹನ್ನೆರಡು ಸಾವಿರ ಇದ್ದದ್ದು ಮುಂದಿನ ಪರೀಕ್ಷೆಗೆ ನೂರ ಇಪ್ಪತ್ತೈದಕ್ಕೆ ಬಿತ್ತು. ಈ ಗರ್ಭವೂ ಹೋಯಿತು ಎಂದು ಆಕೆಗೆ ಹೇಳಿದರು. ಗರ್ಭ ಹೋಗಿರಲಿಲ್ಲ, ಮಗು ಚೆನ್ನಾಗಿ ಹುಟ್ಟಿತು. ಬೇರೊಂದು ಪ್ರಯೋಗಾಲಯಕ್ಕೆ ರಕ್ತ ಹೋಗದಿದ್ದರೆ, ಅಷ್ಟರೊಳಗೆ ಯಾರಾದರೂ ಮಾತ್ರೆ ಬರೆದುಕೊಟ್ಟಿದ್ದರೆ?

ವೈದ್ಯನಿಗೆ ಯಂತ್ರ ಕಾಣುವುದಿಲ್ಲ, ಕಾಣುವುದು ಕಾಗದ. ಆ ಕಾಗದದ ಕೆಳಗೆ ಪ್ರಯೋಗಾಲಯದ ನಿರ್ದೇಶಕರ ಹೆಸರಿರುತ್ತದೆ ಎಂಬ ಧೈರ್ಯದಲ್ಲಿ ನಾವು ಔಷಧ ಬರೆಯುತ್ತೇವೆ. ಥೆರಾನೋಸ್‌ನಲ್ಲಿ ಕೆಲಕಾಲ ಆ ಹುದ್ದೆಯಲ್ಲಿದ್ದವರು ಬಲ್ವಾನಿಯವರ ಚರ್ಮರೋಗ ವೈದ್ಯರು! ಇಂಥ ಪ್ರಸಂಗವನ್ನು ಹಾಸ್ಯಕ್ಕೆ ಬಳಸಿಕೊಳ್ಳಲು ಬೇಕಾದಷ್ಟು ಅವಕಾಶವಿತ್ತು.

ನಿಜವಾದ ನ್ಯಾಯಾಲಯದಲ್ಲೂ ಹೆಚ್ಚುಕಡಿಮೆ ಇದೇ ಆಯಿತು. 2022ರ ಜನವರಿಯಲ್ಲಿ ಜ್ಯೂರಿಯವರು ಹೋಮ್ಸ್‌ಳನ್ನು ಹೂಡಿಕೆದಾರರಿಗೆ ಸಂಬಂಧಿಸಿದ ನಾಲ್ಕು ಆರೋಪಗಳಲ್ಲಿ ತಪ್ಪಿತಸ್ಥೆ ಎಂದರು, ರೋಗಿಗಳಿಗೆ ಸಂಬಂಧಿಸಿದ ಆರೋಪಗಳಲ್ಲಿ ಬಿಟ್ಟರು. ಬಲ್ವಾನಿ ಮಾತ್ರ ಅದೇ ವರ್ಷ ಜುಲೈಯಲ್ಲಿ ಎರಡರಲ್ಲೂ ಸಿಕ್ಕಿಕೊಂಡರು. ಅವಳಿಗೆ ಹನ್ನೊಂದು ಕಾಲು ವರ್ಷ, ಆತನಿಗೆ ಒಂದು ತಿಂಗಳು ಕಡಿಮೆ ಹದಿಮೂರು ವರ್ಷ. ಹಣ ಕಳೆದುಕೊಂಡವರ ಲೆಕ್ಕ ಡಾಲರಿನಲ್ಲಿ ಸಿಗುತ್ತದೆ. ಒಂದು ವಾರ ಅತ್ತವರ ಲೆಕ್ಕವನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಕ್ಯಾರಿರೂ ಅವರ 2018ರ ಪುಸ್ತಕ 'ಬ್ಯಾಡ್ ಬ್ಲಡ್' ಓದಿದವರಿಗೆ ಇನ್ನೊಂದು ಕೊರತೆಯೂ ಕಂಡೀತು. ಕಂಪನಿಯಲ್ಲಿ ಡಜನ್‌ಗಟ್ಟಲೆ ಭಾರತೀಯರಿದ್ದರು, ಬಹುಪಾಲು ಎಚ್-ಒನ್-ಬಿ ವೀಸಾದವರು. ಕೆಲಸ ಹೋದರೆ ದೇಶದಲ್ಲಿರುವ ಹಕ್ಕೇ ಹೋಗುತ್ತದೆ ಎಂಬ ಭಯದಲ್ಲಿ ಬಾಯಿ ಕಟ್ಟಿಕೊಂಡಿದ್ದರು ಎನ್ನುತ್ತದೆ ಪುಸ್ತಕ. ಧಾರಾವಾಹಿಯಲ್ಲಿ ಮಾತಾಡುವ ಧೈರ್ಯ ಮಾಡುವವರು ಟೈಲರ್ ಶುಲ್ಟ್ಜ್ ಮತ್ತು ಎರಿಕಾ ಚೆಂಗ್, ಆಗಷ್ಟೇ ಕಾಲೇಜು ಮುಗಿಸಿದ ಇಬ್ಬರು. ಅವರ ಧೈರ್ಯ ಕಡಿಮೆಯದಲ್ಲ: ಟೈಲರ್‌ನ ತಾತನೇ ಆಡಳಿತ ಮಂಡಳಿಯಲ್ಲಿ ಕೂತು ಮೊಮ್ಮಗನನ್ನು ನಂಬಲಿಲ್ಲ, ವಕೀಲರ ಖರ್ಚಿಗೆ ತಂದೆತಾಯಿ ನಾಲ್ಕು ಲಕ್ಷ ಡಾಲರ್ ಸುರಿದರು. ಆದರೆ ಸುರಿಯಲು ತಂದೆತಾಯಿ ಇದ್ದರು. ಪಕ್ಕದ ಬೆಂಚಿನಲ್ಲಿ ಪಿಪೆಟ್ಟು ಹಿಡಿದು, ತಪ್ಪನ್ನು ಕಣ್ಣಾರೆ ಕಂಡು, ಸಂಜೆ ಮನೆಗೆ ಹೋಗಿ ಹೆಂಡತಿಗೂ ಹೇಳದೆ ಗ್ರೀನ್ ಕಾರ್ಡಿನ ದಿನ ಎಣಿಸುತ್ತಿದ್ದವನು ಇಲ್ಲಿ ಬರುವುದೇ ಇಲ್ಲ. ರೆಸಿಡೆನ್ಸಿಯ ದಿನಗಳನ್ನು ವೀಸಾದ ಮೇಲೆ ಕಳೆದ ನಮಗೆ, ನಮ್ಮ ಹಾಗೆ ಬಂದ ನಿಮಗೂ, ಆತನ ಮುಖ ಊಹಿಸಿಕೊಳ್ಳುವುದು ಕಷ್ಟವಲ್ಲ. ಆತನನ್ನು ಕುರಿತು ಒಂದು ಕಂತು ಇದ್ದಿದ್ದರೆ ಇದು ನಕ್ಕು ಮರೆಯುವ ಧಾರಾವಾಹಿಯಾಗುತ್ತಿರಲಿಲ್ಲ.

ಹೈಸ್ಕೂಲು, ಕಾಲೇಜಿನ ಮಕ್ಕಳ ಜೊತೆ ಕೂತು ನೋಡುವವರಿಗೆ ಒಂದು ಸೂಚನೆ: ಮೊದಲ ಕಂತಿನಲ್ಲಿ ಕಾಲೇಜಿನ ಹುಡುಗಿಯ ಮೇಲೆ ನಡೆಯುವ ದೌರ್ಜನ್ಯದ ಪ್ರಸಂಗವಿದೆ, ಮೊದಲೇ ತಿಳಿದಿರಲಿ. ಎಂಟು ಕಂತಿಗೆ ಪುರುಸೊತ್ತಿಲ್ಲದವರು ನಾಲ್ಕು ಮತ್ತು ಐದನೆಯದನ್ನಾದರೂ ನೋಡಿ. ಐದನೆಯದು ಮಲಗುವ ಮುಂಚೆ ಬೇಡ.