ಮಾರ್ಚ್‌ನಲ್ಲಿ ಮಾತ್ರ ನೆನಪಾಗುವ ಹಕ್ಕು

ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ಗಣಿತದ ದಿನ ಪಕ್ಕದಲ್ಲೇ ಸಮಾಜಶಾಸ್ತ್ರವೂ ಅಚ್ಚಾಗಿರುತ್ತದೆ. ವಿಜ್ಞಾನದ ದಿನ ರಾಜ್ಯಶಾಸ್ತ್ರ, ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ. ಗಣಿತ, ವಿಜ್ಞಾನಗಳ ಬದಲು ವಿಕಲಚೇತನ ಮಕ್ಕಳು ಇವನ್ನು ಆರಿಸಿಕೊಳ್ಳಬಹುದು. ಕಿವಿ ಕೇಳದ ಮಕ್ಕಳಿಗೆ ಭಾಷಾ ವಿಷಯಗಳಲ್ಲಿ ವಿನಾಯಿತಿ ಉಂಟು. ಬರೆಯಲಾಗದವರಿಗೆ ಕೆಳಗಿನ ತರಗತಿಯ ಲಿಪಿಕಾರರು ಸಿಗುತ್ತಾರೆ, ಹೆಚ್ಚುವರಿ ಸಮಯ ಸಿಗುತ್ತದೆ. ಈ ಸೌಲಭ್ಯಗಳಿಂದಲೇ ಹತ್ತನೇ ತರಗತಿ ದಾಟಿದ ಮಕ್ಕಳು ಹಾವೇರಿ ಜಿಲ್ಲೆಯಲ್ಲೂ ಇದ್ದಾರೆ. ಅವರ ಪಾಲಿಗೆ ಇದು ಸಣ್ಣ ಸಂಗತಿಯಲ್ಲ.

ನನ್ನ ತಕರಾರು ಇರುವುದು ಅದಕ್ಕೂ ಹಿಂದಿನ ಒಂಬತ್ತು ವರ್ಷಗಳ ಬಗ್ಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಶಾಲೆಯಿಂದ ಎರಡು ಬೇರೆ ಬೇರೆ ಕೆಲಸ ಕೇಳುತ್ತದೆ. ಕಲಂ 16ರ ಪ್ರಕಾರ ಶಾಲೆಯೇ ಮಗುವಿಗೆ ತಕ್ಕಂತೆ ಬದಲಾಗಬೇಕು: ಕಟ್ಟಡ, ಪಾಠ ಹೇಳುವ ರೀತಿ, ಸಂವಹನ ಎಲ್ಲವೂ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸುವುದೂ ಅದರ ಹೊಣೆ. ಕಲಂ 17 ಪರೀಕ್ಷೆಯ ರಿಯಾಯಿತಿಗಳನ್ನೂ ಹೇಳುತ್ತದೆ. ಮೊದಲನೆಯದಕ್ಕೆ ದಿನನಿತ್ಯದ ದುಡಿಮೆ ಬೇಕು. ಎರಡನೆಯದಕ್ಕೆ ಒಂದು ಅರ್ಜಿ, ಒಂದು ಪ್ರಮಾಣಪತ್ರ, ಒಂದು ಸಹಿ ಸಾಕು. ನಮ್ಮ ಶಾಲೆಗಳು ಎರಡನೆಯದನ್ನು ಕೊಟ್ಟು ಮೊದಲನೆಯದೂ ಮುಗಿಯಿತೆಂದು ತಿಳಿದಿವೆ.

ಗಣಿತವನ್ನೇ ನೋಡಿ. ಕಣ್ಣು ಕಾಣದ ಮಗುವಿಗೆ ಟೇಲರ್ ಫ್ರೇಮ್, ಅಬ್ಯಾಕಸ್, ಬ್ರೈಲ್ ಪುಸ್ತಕ, ಜೊತೆಗೆ ಅವನ್ನು ಬಳಸಲು ಕಲಿಸುವವರು ಇದ್ದರೆ ಲೆಕ್ಕ ಖಂಡಿತ ಬರುತ್ತದೆ. ಇವನ್ನು ಒದಗಿಸದೆ ಒಂಬತ್ತು ವರ್ಷ ಹಿಂದಿನ ಬೆಂಚಿನಲ್ಲಿ ಕೂರಿಸಿ, ಕೊನೆಗೆ "ನಿನಗೆ ಗಣಿತ ಬೇಡ" ಎಂದು ಫಾರ್ಮು ತುಂಬಿಸಿದರೆ ಅದನ್ನು ಆಯ್ಕೆ ಎನ್ನಲಾಗದು. ಬದಲಿಗೆ ಬರುವ ಸಮಾಜಶಾಸ್ತ್ರವನ್ನು ಕಲಿಸಲು ಪ್ರೌಢಶಾಲೆಯಲ್ಲಿ ಮೇಷ್ಟ್ರ ಹುದ್ದೆಯೇ ಇಲ್ಲ. ಮಗು ತಾನೇ ಓದಿಕೊಳ್ಳಬೇಕು. ಪಿಯುಸಿಯಲ್ಲಿ ವಿಜ್ಞಾನದ ಬಾಗಿಲು ಅಲ್ಲಿಗೆ ಮುಚ್ಚಿತು. ಹದಿನೈದರ ವಯಸ್ಸಿನಲ್ಲಿ ಇದನ್ನು ಆ ಮಗುವಿಗೆ ಬಿಡಿಸಿ ಹೇಳುವವರು ಎಷ್ಟು ಮಂದಿ?

ಅಂಧ ಸಂಗೀತ ಗುರುಗಳಾದ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಹುಟ್ಟಿದ್ದು ಇಂದಿನ ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು ಅಂಧ ಮಕ್ಕಳಿಗೆ ಅವರವರ ದಾರಿಯಲ್ಲೇ ವಿದ್ಯೆ ಹೇಳಿಕೊಟ್ಟರು. ಕಲಿಸುವ ರೀತಿ ಬದಲಾದರೆ ಮಗು ಎಷ್ಟು ಎತ್ತರಕ್ಕೆ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ನಮ್ಮ ಸೀಮೆ ಅದರಿಂದ ಅರ್ಧ ಪಾಠವನ್ನಷ್ಟೇ ಕಲಿತು, ಕಣ್ಣು ಕಾಣದಿದ್ದರೆ ಸಂಗೀತ ಎಂದು ತೀರ್ಮಾನಿಸಿಬಿಟ್ಟಿತು.

ಬೇಕಾದ ಪದ್ಧತಿ ನಮ್ಮಲ್ಲಿ ಇಲ್ಲವೆಂದಲ್ಲ. ಒಂದರಿಂದ ಮೂರನೇ ತರಗತಿವರೆಗಿನ ನಲಿ-ಕಲಿ ಕೊಠಡಿಯಲ್ಲಿ ಪ್ರತಿ ಮಗು ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲು ಹತ್ತುತ್ತದೆ, ಪಕ್ಕದವರ ಜೊತೆ ಓಟವಿಲ್ಲ. ನಿಧಾನವಾಗಿ ಕಲಿಯುವ ಮಗು ಅಲ್ಲಿ ಎದ್ದು ಕಾಣುವುದೂ ಇಲ್ಲ, ಹಿಂದೆ ಉಳಿಯುವುದೂ ಇಲ್ಲ. ನಾಲ್ಕನೇ ತರಗತಿಗೆ ಬಂದೊಡನೆ ಅದು ನಿಂತು, ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ. ಓದಿನ ತೊಡಕಿರುವ ಮಗುವಿಗೆ "ದಡ್ಡ" ಎಂಬ ಹೆಸರು ಅಂಟುವುದು ಆ ವಯಸ್ಸಿನಲ್ಲೇ.

ಆ ತೊಡಕಿಗೆ ಪ್ರಮಾಣಪತ್ರ ಮಾಡಿಸುವುದು ಬೇರೆಯೇ ಪಾಡು. ಕಾಲಿನ ಊನ ಕಣ್ಣಿಗೆ ಕಾಣುತ್ತದೆ; ಡಿಸ್ಲೆಕ್ಸಿಯಾ ಕಾಣುವುದಿಲ್ಲ, ಅದಕ್ಕೆ ತಜ್ಞರ ಪರೀಕ್ಷೆ ಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಜೋರಾಗಿರುವ ತಿಂಗಳುಗಳೇ ಪರೀಕ್ಷೆಯ ತಿಂಗಳುಗಳೂ ಹೌದು. ತೊಟ್ಟು ಬಿಡಿಸುವ ತಾಯಿ ಒಂದು ದಿನ ಜಿಲ್ಲಾಸ್ಪತ್ರೆಗೆ ಹೋದರೆ ಅಂದಿನ ಕೂಲಿ ಹೋಯಿತು. ಇನ್ನೊಮ್ಮೆ ಬನ್ನಿ ಎಂದರೆ ಮತ್ತೊಂದು ದಿನದ್ದು. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಲಿಪಿಕಾರರ ನೆರವು ಪಡೆಯಲು ಶೇ 40ರ ಅಂಗವೈಕಲ್ಯದ ಪ್ರಮಾಣಪತ್ರ ಇರಲೇಬೇಕಿಲ್ಲ ಎಂದಿತು. ಆ ಮಾತು ರಾಣೆಬೆನ್ನೂರಿನ ಪ್ರೌಢಶಾಲೆಯ ಸ್ಟಾಫ್ ರೂಮಿಗೂ ತಲುಪಬೇಕು.

ಶಿಕ್ಷಕರನ್ನಷ್ಟೇ ದೂರುವುದು ಅನ್ಯಾಯ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ (ಬಿಆರ್‌ಸಿ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಇಡೀ ತಾಲ್ಲೂಕು ಸುತ್ತಬೇಕು, ಮನೆಯಿಂದ ಹೊರಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣವನ್ನೂ ನೋಡಬೇಕು. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ನೀಡಿದ ನಿರ್ದೇಶನದ ನಂತರ, ಪ್ರಾಥಮಿಕ ಹಂತದಲ್ಲಿ 10 ವಿಕಲಚೇತನ ಮಕ್ಕಳಿಗೆ ಒಬ್ಬ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರೆಂಬ ಅನುಪಾತವನ್ನು ಕೇಂದ್ರ ಸರ್ಕಾರ 2022ರಲ್ಲಿ ಅಧಿಸೂಚಿಸಿತು. ತಾಲ್ಲೂಕು ಸುತ್ತುವ ಬೆರಳೆಣಿಕೆಯ ಜನರಿಂದ ಆ ಲೆಕ್ಕ ತುಂಬುವುದಿಲ್ಲ.

ಕಾಯ್ದೆಯ ದೌರ್ಬಲ್ಯವನ್ನೂ ಹೇಳಬೇಕು. ಕಲಂ 89ರಲ್ಲಿ ಮೊದಲ ಉಲ್ಲಂಘನೆಗೆ ದಂಡ 10,000 ರೂಪಾಯಿವರೆಗೆ ಮಾತ್ರ. ತಂದೆತಾಯಿಗೆ ಹತ್ತಿರದಲ್ಲಿರುವುದು ಕಾಯ್ದೆಯಡಿಯ 2017ರ ನಿಯಮಗಳು: ವಿಕಲಚೇತನ ಮಕ್ಕಳ ದಾಖಲಾತಿ, ಶಾಲೆಯ ಸೌಲಭ್ಯಗಳ ವಿಷಯ ನೋಡಿಕೊಳ್ಳಲು ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕು ಎನ್ನುತ್ತವೆ. ಆ ಅಧಿಕಾರಿಯ ಹೆಸರು, ಫೋನ್ ನಂಬರನ್ನು ಬಿಸಿಯೂಟದ ಮೆನುವಿನ ಪಕ್ಕದಲ್ಲೇ ಗೋಡೆಯ ಮೇಲೆ ಬರೆಸಲು ಎಸ್‌ಡಿಎಂಸಿಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಜೂನ್‌ನಲ್ಲಿ ದಾಖಲಾತಿ ನಡೆಯುವಾಗಲೇ ಬರೆಸಿದರೆ ಕೇಳಲು ಇಡೀ ವರ್ಷ ಕೈಯಲ್ಲಿರುತ್ತದೆ.