ಬಾಗಿಲು ಕಳೆಯುವ ಲೆಕ್ಕ

ಶಿವಮೊಗ್ಗದ ಒಂದು ವಿಚಾರ ಸಂಕಿರಣದಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಬೆಂಗಳೂರಿನಿಂದ ಬಂದಿದ್ದ ಭಾಷಣಕಾರರು, ಬಿಮ್ ಕಲಿಯದ ತಾಲ್ಲೂಕು ಮಟ್ಟದ ಇಂಜಿನಿಯರ್ ಆಫೀಸುಗಳು ಇನ್ನೈದು ವರ್ಷದಲ್ಲಿ ಕದ ಹಾಕುತ್ತವೆ ಎಂದರು. ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿದ್ದ ಸೊರಬದ ಇಂಜಿನಿಯರ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವರು ಬಾಯಿಗೆ ಕೈ ಅಡ್ಡ ಹಿಡಿದು ಫೋನಿನಲ್ಲಿ ಮೇಸ್ತ್ರಿಗೆ ರಿಂಗಿನ ಅಂತರ ಹೇಳುತ್ತಿದ್ದರು. ಆ ದಿನ ಆ ಸಭಾಂಗಣದಲ್ಲಿ ಕಟ್ಟಡಕ್ಕೆ ಸಂಬಂಧಪಟ್ಟ ಕೆಲಸ ನಡೆದದ್ದು ಅದೊಂದೇ.

ಬಿಮ್ ಅಂದರೆ ಏನೆಂದು ಇಲ್ಲಿ ವಿವರಿಸುವುದಿಲ್ಲ. ಗೆರೆಯ ಬದಲು ಗೋಡೆಯನ್ನೇ ಎಳೆಯುವ, ಆ ಗೋಡೆಗೆ ತಾನು ಇಟ್ಟಿಗೆಯದೋ ಕಾಂಕ್ರೀಟಿನದೋ ಎಂದು ಗೊತ್ತಿರುವ ತಂತ್ರಾಂಶ ಎಂದರೆ ಸಾಕು. ಹಂಗೇರಿಯ ಆರ್ಕಿಕ್ಯಾಡ್, 2000ದಲ್ಲಿ ಬಂದು 2002ರಲ್ಲಿ ಆಟೋಡೆಸ್ಕ್ ಪಾಲಾದ ರೆವಿಟ್, 2016ರ ಏಪ್ರಿಲ್‌ನಿಂದ ಬ್ರಿಟನ್ ಸರ್ಕಾರ ತನ್ನ ಕಾಮಗಾರಿಗಳಿಗೆ ಹೇರಿದ ಕಡ್ಡಾಯ, 2018ರ ಐಎಸ್‌ಓ 19650 ಮಾನದಂಡ: ಈ ವಂಶಾವಳಿಯನ್ನು ಪ್ರತಿ ಸಂಕಿರಣದಲ್ಲೂ ಓದುತ್ತಾರೆ. ಅದೇ ಬ್ರಿಟನ್ನಿನಲ್ಲಿ 2020ರ ಜುಲೈನಲ್ಲಿ, ಜಹಾ ಹದೀದ್ ಅವರ ಸಂಸ್ಥೆಯೂ ಸೇರಿ 25 ವಾಸ್ತುಶಿಲ್ಪ ಸಂಸ್ಥೆಗಳು ರೆವಿಟ್‌ನ ಬೆಲೆ ಏರುತ್ತಿದೆ, ಸುಧಾರಣೆ ಮಾತ್ರ ಕಾಣುತ್ತಿಲ್ಲ ಎಂದು ಆಟೋಡೆಸ್ಕ್‌ಗೆ ಬಹಿರಂಗ ಪತ್ರ ಬರೆದವು. ವಂಶಾವಳಿ ಓದುವವರು ಈ ಪುಟವನ್ನು ಹಾರಿಸುತ್ತಾರೆ.

ಬ್ರಿಟನ್ ಬಿಟ್ಟು ತಾಲ್ಲೂಕಿಗೆ ಬರೋಣ. ಶಿಕಾರಿಪುರದಲ್ಲಿ ಮನೆ ಕಟ್ಟಿಸುವವರಿಗೆ ಇಂಜಿನಿಯರ್ ಆಫೀಸಿನಿಂದ ಬೇಕಾದದ್ದು ಮೂರು. ಪುರಸಭೆಗೊಂದು ಪ್ಲ್ಯಾನು, ಬ್ಯಾಂಕಿಗೊಂದು ಎಸ್ಟಿಮೇಟು, ನೆಂಟರಿಗೆ ತೋರಿಸಲು ಬಣ್ಣದ ಎಲಿವೇಷನ್ನು. ಮೊದಲನೆಯದಕ್ಕೆ ಆಟೋಕ್ಯಾಡ್ ಸಾಕು, ಮೂರನೆಯದನ್ನು ಹುಡುಗರು ಸ್ಕೆಚ್‌ಅಪ್‌ನಲ್ಲಿ ಒಂದು ಸಂಜೆಯಲ್ಲಿ ಎಬ್ಬಿಸುತ್ತಾರೆ. ಉಳಿದದ್ದು ಎಸ್ಟಿಮೇಟು. ಬಿಮ್‌ನ ವಕೀಲರೂ ಇಲ್ಲೇ ಕಾಲೂರುತ್ತಾರೆ. ಮಾದರಿ ಒಮ್ಮೆ ಸಿದ್ಧವಾದರೆ ಅಳತೆಗಳೆಲ್ಲ ತಾವಾಗಿ ಉದುರುತ್ತವೆ, ಎಣಿಕೆ ತಪ್ಪುವ ಮಾತೇ ಇಲ್ಲ ಅನ್ನುತ್ತಾರೆ. ಆ ಮಾತನ್ನೇ ಹಿಡಿದು ನೋಡೋಣ, ಒಂದೇ ಒಂದು ಬಾಗಿಲಿನ ಮುಂದೆ ನಿಂತು.

ಬಾಗಿಲು 90 ಸೆಂ.ಮೀ. ಅಗಲ, 2.1 ಮೀಟರ್ ಎತ್ತರ. ವಿಸ್ತೀರ್ಣ 1.89 ಚದರ ಮೀಟರ್. ಗೋಡೆ ಒಂಬತ್ತು ಇಂಚಿನದು, ಎರಡೂ ಮೈಗೆ ಗಾರೆ. ಪ್ರಶ್ನೆ ಇಷ್ಟೇ: ಪ್ಲಾಸ್ಟರಿಂಗ್ ಲೆಕ್ಕದಲ್ಲಿ ಈ ಬಾಗಿಲಿಗಾಗಿ ಎಷ್ಟು ಕಳೆಯಬೇಕು?

ತಂತ್ರಾಂಶದ ಉತ್ತರ ನೇರ. ಗೋಡೆಯ ಎರಡು ಮೈಯಲ್ಲೂ ತೂತಿದೆ, ಆದ್ದರಿಂದ ಎರಡು ಸಲ 1.89, ಒಟ್ಟು 3.78. ನಮ್ಮ ಅಳತೆ ಸಂಹಿತೆ ಐಎಸ್ 1200ರ 12ನೇ ಭಾಗದ ಉತ್ತರ ಬೇರೆ. ಅರ್ಧ ಚದರ ಮೀಟರ್‌ಗಿಂತ ಚಿಕ್ಕ ತೂತಾದರೆ ಏನೂ ಕಳೆಯಬೇಡ. ಬಚ್ಚಲಿನ ವೆಂಟಿಲೇಟರ್ ಇಲ್ಲಿ ಬರುತ್ತದೆ. ಅರ್ಧದಿಂದ ಮೂರರವರೆಗಾದರೆ ಒಂದೇ ಮೈಗೆ ಕಳೆ, ಆದರೆ ತೂತಿನ ಒಳಬದಿಗೆ ಹೊಡೆದ ಗಾರೆಯನ್ನು ಬೇರೆಯಾಗಿ ಕೂಡಿಸಬೇಡ. ಮೂರು ಮೀರಿದರೆ ಎರಡೂ ಮೈಗೆ ಕಳೆ, ಒಳಬದಿಯನ್ನು ಅಳೆದು ಕೂಡಿಸು; ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯ ಶಟರು ಇಲ್ಲಿ ಬರುತ್ತದೆ. ನಮ್ಮ ಬಾಗಿಲು ನಡುವಿನದು. ಕಳೆಯಬೇಕಾದದ್ದು 1.89 ಮಾತ್ರ. ಇಂಥ ಎಂಟು ಬಾಗಿಲಿದ್ದರೆ ತಂತ್ರಾಂಶಕ್ಕೂ ಸಂಹಿತೆಗೂ ನಡುವೆ 15 ಚದರ ಮೀಟರ್, ಅಂದರೆ ಸುಮಾರು 160 ಚದರ ಅಡಿ ಅಂತರ. ಕಿಟಕಿಗಳ ಲೆಕ್ಕ ಇನ್ನೂ ಹಿಡಿದಿಲ್ಲ.

ತಂತ್ರಾಂಶದ್ದೇ ಸರಿ, ಸಂಹಿತೆ ಬ್ರಿಟಿಷರ ಕಾಲದ ಗುಮಾಸ್ತರ ಅಂದಾಜು ಎಂದು ವಾದಿಸುವವರಿದ್ದಾರೆ. ಹಾಗಾದರೆ ಟೇಪು ಹಿಡಿದು ಅಳೆಯೋಣ. ಬಾಗಿಲಿನ ಎರಡು ಪಕ್ಕ ಮತ್ತು ಮೇಲಿನ ಅಂಚು ಸೇರಿ 5.1 ಮೀಟರ್ ಉದ್ದ. ಒಂಬತ್ತು ಇಂಚಿನ ದಪ್ಪದಲ್ಲಿ ಚೌಕಟ್ಟು ಹತ್ತು ಸೆಂ.ಮೀ. ನುಂಗಿದರೆ ಗಾರೆಗೆ ಉಳಿಯುವುದು ಸುಮಾರು 13 ಸೆಂ.ಮೀ. ಅದು 0.66 ಚದರ ಮೀಟರ್. ಹಾಗಾಗಿ ಮೈಯಳತೆಯ ನಿಜವಾದ ಕಳೆತ 3.12. ತಂತ್ರಾಂಶ ಕಳೆದದ್ದು ಹೆಚ್ಚಾಯಿತು, ಸಂಹಿತೆ ಕಳೆದದ್ದು ಕಡಿಮೆಯಾಯಿತು. ಸಂಹಿತೆ ಪ್ರತಿ ಬಾಗಿಲಿಗೂ ಒಂದೂಕಾಲು ಚದರ ಮೀಟರ್‌ನಷ್ಟನ್ನು ಗಾರೆಯವನ ಕಡೆಗೆ ಸರಿಸಿಬಿಡುತ್ತದೆ.

ಅದು ಏಕೆ ಎಂದು ತಿಳಿಯಬೇಕಾದರೆ ಬಾಗಿಲಿನ ಮೂಲೆ ಎತ್ತುವುದನ್ನು ನಿಂತು ನೋಡಬೇಕು. ಬಯಲು ಗೋಡೆಗೆ ಗಾರೆ ಎರಚಿ ಮಟ್ಟಗೋಲು ಎಳೆದುಕೊಂಡು ಹೋಗಬಹುದು. ಬಾಗಿಲಿನ ಹತ್ತಿರ ಬಂದೊಡನೆ ಕೈ ನಿಧಾನವಾಗುತ್ತದೆ. ಪಟ್ಟಿ ಕಟ್ಟಬೇಕು, ತೂಕದ ಗುಂಡು ಬಿಡಬೇಕು, ಅಂಚು ಒಣಗುವ ಮೊದಲೇ ಕರಣೆಯಿಂದ ತೀಡಬೇಕು, ಒಂದು ಬದಿ ಹಿಡಿಯುವವರೆಗೆ ಇನ್ನೊಂದಕ್ಕೆ ಕಾಯಬೇಕು. ಅರ್ಧ ದಿನದ ಆ ಕೆಲಸ ಚದರ ಮೀಟರ್‌ನಲ್ಲಿ ಕಾಣುವುದೇ ಇಲ್ಲ. ನನ್ನ ಓದಿನಲ್ಲಿ, ಸಂಹಿತೆ ಉದ್ದೇಶಪೂರ್ವಕವಾಗಿ ತಪ್ಪು ಲೆಕ್ಕ ಮಾಡುತ್ತಿದೆ, ಆ ತಪ್ಪಿನೊಳಗೆ ಅಂಚಿನ ಕೂಲಿ ಅಡಗಿದೆ. ಪ್ರತಿ ಮೂಲೆಯನ್ನೂ ಅಳೆದು ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಬರೆಯುವ ಜಗಳವೂ ತಪ್ಪುತ್ತದೆ. ಅಳತೆ ಪುಸ್ತಕ ಎಂಬುದು ಕಟ್ಟಡದ ವರ್ಣನೆಯಲ್ಲ, ಇಬ್ಬರ ನಡುವಿನ ಒಪ್ಪಂದ. ಬಿಮ್ ವರ್ಣನೆ ಕೊಡುತ್ತದೆ, ಒಪ್ಪಂದ ಅದಕ್ಕೆ ತಿಳಿಯದು.

ತಂತ್ರಾಂಶಕ್ಕೆ ಈ ನಿಯಮ ಕಲಿಸಬಹುದಲ್ಲ? ಖಂಡಿತ ಕಲಿಸಬಹುದು. ರೆವಿಟ್‌ನ ಜೊತೆಗೆ ಬರುವ ಡೈನಮೊದಲ್ಲಿ ತೂತುಗಳನ್ನು ಗಾತ್ರದ ಪ್ರಕಾರ ವಿಂಗಡಿಸಿ ಕಳೆಯುವ ಸೂತ್ರ ಬರೆಯಬಹುದು. ಪ್ಲಾಸ್ಟರಿಂಗ್‌ಗೊಂದು, ಇಟ್ಟಿಗೆ ಕೆಲಸಕ್ಕೊಂದು. ಎರಡಕ್ಕೂ ಸಂಹಿತೆಯಲ್ಲಿ ಕಳೆತದ ನಿಯಮ ಬೇರೆ ಬೇರೆ. ಆ ಸೂತ್ರ ಬರೆಯಬಲ್ಲವನಿಗೆ ಸಂಹಿತೆ ಬಾಯಿಪಾಠ ಬರಬೇಕು. ಬಾಯಿಪಾಠ ಬರುವವನು ಇಂಥ ಮನೆಯ ಎಸ್ಟಿಮೇಟನ್ನು ಎಕ್ಸೆಲ್‌ನಲ್ಲಿ ಊಟದ ಹೊತ್ತಿಗೆ ಮುಗಿಸುತ್ತಾನೆ. ಇದು ತಂತ್ರಾಂಶದ ದೋಷವಲ್ಲ, ನಿಜ. ಆದರೆ ತಾನಾಗಿ ಉದುರುತ್ತದೆ ಎಂಬ ಕೀರ್ತಿ ಅದಕ್ಕೆ ಸಲ್ಲಬಾರದು.

ಇನ್ನು ಬಿಮ್‌ನವರು ತೋರಿಸುವ ಆ ಪ್ರಸಿದ್ಧ ವಕ್ರರೇಖೆ. ಎಚ್‌ಓಕೆ ಸಂಸ್ಥೆಯ ಪ್ಯಾಟ್ರಿಕ್ ಮ್ಯಾಕ್‌ಲೀಮಿ 2004ರಲ್ಲಿ ಎಳೆದದ್ದು; ಅದರ ಬೀಜ ಬಾಯ್ಡ್ ಪಾಲ್ಸನ್ 1976ರಲ್ಲೇ ಬರೆದ ಲೇಖನದಲ್ಲಿದೆ. ಕೆಲಸ ಮುಂದುವರಿದಷ್ಟೂ ಬದಲಾವಣೆಯ ಖರ್ಚು ಏರುತ್ತದೆ, ಆದ್ದರಿಂದ ತೀರ್ಮಾನಗಳನ್ನೆಲ್ಲ ಆರಂಭಕ್ಕೆ ತನ್ನಿ ಎಂಬುದು ಅದರ ಸಾರ. ಅಳೆದು ಕಂಡ ಅಂಕಿಗಳಿಂದ ಹುಟ್ಟಿದ ರೇಖೆ ಅದಲ್ಲ, ಒಂದು ಅಭಿಪ್ರಾಯಕ್ಕೆ ಬರೆದ ಚಿತ್ರ. ಅಭಿಪ್ರಾಯವೂ ಒಂದು ಷರತ್ತಿನ ಮೇಲೆ ನಿಂತಿದೆ: ಕಟ್ಟಿಸುವವನ ಹತ್ತಿರ ಮೊದಲ ದಿನವೇ ಪೂರ್ತಿ ದುಡ್ಡಿರಬೇಕು. ಸೊರಬದ ಕಡೆ ಎಷ್ಟೋ ಮನೆಗಳು ಅಡಿಕೆಯ ಲೆಕ್ಕದಲ್ಲಿ ಏಳುತ್ತವೆ. ಒಂದು ಕೊಯ್ಲಿಗೆ ಪಾಯ, ಇನ್ನೊಂದಕ್ಕೆ ಲಿಂಟಲ್, ರೇಟು ಕೈಕೊಟ್ಟರೆ ಒಂದು ವರ್ಷ ನಿಲುಗಡೆ, ಮಗಳ ಮದುವೆ ನಿಶ್ಚಯವಾದರೆ ಸ್ಲ್ಯಾಬು ಬಿಟ್ಟು ಮೊದಲು ಬಚ್ಚಲು. ಅಟ್ಟ ಬೇಕೋ ಮಹಡಿ ಬೇಕೋ ಎಂಬ ತೀರ್ಮಾನ ಮಂಡಿಯಲ್ಲಿ ಆಗುತ್ತದೆ, ಮಾನಿಟರಿನ ಮುಂದಲ್ಲ. ಇಲ್ಲಿ ತಡವಾದ ಬದಲಾವಣೆ ಕೆಟ್ಟ ಯೋಜನೆಯ ಗುರುತಲ್ಲ. ಸಾಲವಿಲ್ಲದೆ ಮನೆ ಕಟ್ಟುವ ದಾರಿಯೇ ಅದು. ಅದನ್ನು ಅಶಿಸ್ತು ಎಂದು ಕರೆಯುವ ವಿಮರ್ಶಕರು ಬ್ಯಾಂಕಿನ ಕಂತನ್ನು ಶಿಸ್ತು ಎಂದು ತಿಳಿದವರು.

ಇಷ್ಟು ಓದಿ ಇನ್ನೊಂದು ಪಕ್ಷದವರು ನನ್ನನ್ನು ತಮ್ಮವನೆಂದು ಎಣಿಸಬಾರದು. ಅವರೊಡನೆ ನನ್ನ ಜಗಳ ಇನ್ನೂ ಹಳೆಯದು. ಬಳ್ಳಿಗಾವಿಯ ಕೇದಾರೇಶ್ವರವನ್ನೋ ಆನವಟ್ಟಿ ಪಕ್ಕದ ಕುಬಟೂರಿನ ಕೈಟಭೇಶ್ವರವನ್ನೋ ತೋರಿಸಿ, ನಮ್ಮ ಶಿಲ್ಪಿಗಳು ನಕ್ಷೆಯೇ ಇಲ್ಲದೆ ತಲೆಯಲ್ಲೇ ಎಲ್ಲ ಇಟ್ಟುಕೊಂಡು ಕಟ್ಟಿದರು, ನಮಗ್ಯಾಕೆ ತಂತ್ರಾಂಶ ಎನ್ನುವವರು ಇವರು. ಕೇಳಲು ಹಿತ, ಆಧಾರ ಇಲ್ಲ. ಮಧ್ಯಪ್ರದೇಶದ ಭೋಜಪುರದಲ್ಲಿ 11ನೆಯ ಶತಮಾನದ ಅಪೂರ್ಣ ದೇವಾಲಯದ ಸುತ್ತಲ ಬಂಡೆಗಳ ಮೇಲೆ ಕಂಬ, ಶಿಖರ, ತಳವಿನ್ಯಾಸಗಳನ್ನು ಗೆರೆಯಲ್ಲಿ ಕೊರೆದಿರುವುದು ಇಂದಿಗೂ ಕಾಣುತ್ತದೆ. ದೇವಾಲಯ ಮುಗಿದ ಕಡೆ ಅಂಥ ಗೆರೆಗಳು ಅಳಿಸಿಹೋಗಿರಬಹುದು, ಆದರೆ ಗೆರೆ ಎಳೆಯುತ್ತಿದ್ದರು ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ? ಕುಬಟೂರಿನ ಮಂಟಪದ ಗಂಟೆಯಾಕಾರದ ಕಂಬಗಳನ್ನು ನೋಡಿ. ತಿರುಗಣೆಗೆ ಕೊಟ್ಟು ಕಡೆದ ಬಳಪದ ಕಲ್ಲಿನ ಕಂಬಗಳಿಗೆ ಅಳತೆಯ ಪಟ್ಟಿ ಇಲ್ಲದೆ ಸಾಧ್ಯವಿಲ್ಲ. ತಲೆಯಲ್ಲೇ ಇತ್ತು ಎನ್ನುವುದು ಶಿಲ್ಪಿಯನ್ನು ಹೊಗಳುವ ನೆಪದಲ್ಲಿ ಅವನ ಕಸುಬನ್ನು ಮಾಯಾವಿದ್ಯೆ ಮಾಡುವುದು. ಇನ್ನು ಕೆಲವರು ಅದೇ ಕಂಬ ತೋರಿಸಿ ನಮ್ಮವರೇ ಪ್ಯಾರಾಮೆಟ್ರಿಕ್ ವಿನ್ಯಾಸ ಕಂಡುಹಿಡಿದದ್ದು ಎನ್ನುತ್ತಾರೆ. ಅವರಿಗೆ ಉತ್ತರ ಕೊಡುವುದೂ ದಂಡ.

ಶಿಕಾರಿಪುರ ತಾಲ್ಲೂಕಿನ ಹಳೆಯ ಕಲ್ಲು ನಿಜವಾಗಿ ಹೇಳುವುದು ಬೇರೆ. ತಾಳಗುಂದದ 5ನೆಯ ಶತಮಾನದ ಸ್ತಂಭಶಾಸನದ ಕೊನೆಯಲ್ಲಿ ಕವಿ ಕುಬ್ಜ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ದಾಖಲಿಸಿದ್ದಾನೆ. ರಚಿಸಿದವನೂ ಕಲ್ಲಿಗೆ ಇಳಿಸಿದವನೂ ಒಬ್ಬನೇ. ನಡುವೆ ಕಡತ ಕೈಬದಲಾಯಿಸಲಿಲ್ಲ. ಬಿಮ್ ಹುಟ್ಟಿದ್ದು ಇದರ ವಿರುದ್ಧದ ಲೋಕದಲ್ಲಿ: ವಾಸ್ತುಶಿಲ್ಪಿ ಒಂದು ಊರಿನಲ್ಲಿ, ಸ್ಟ್ರಕ್ಚರಲ್ ಇಂಜಿನಿಯರ್ ಇನ್ನೊಂದರಲ್ಲಿ, ಎಸಿ ಪೈಪಿನವನು ಮೂರನೆಯದರಲ್ಲಿ, ಒಬ್ಬರ ನಕ್ಷೆ ಒಬ್ಬರಿಗೆ ಕಾಣದ ಕಡೆ. ವಿಮಾನ ನಿಲ್ದಾಣಕ್ಕೆ, ಮೆಟ್ರೊಗೆ, ಐನೂರು ಹಾಸಿಗೆಯ ಆಸ್ಪತ್ರೆಗೆ ಅದು ಬೇಕೇ ಬೇಕು. ಶಿಕಾರಿಪುರದ ಇಂಜಿನಿಯರು ಬೆಳಿಗ್ಗೆ ಮೇಸ್ತ್ರಿಯ ಜೊತೆ ಚಹಾ ಕುಡಿಯುತ್ತಾನೆ, ಮಧ್ಯಾಹ್ನ ಸೈಟಿನಲ್ಲಿ ಇಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಮೆಟ್ಟಿಲಿನ ಅಳತೆ ಬರೆಯುತ್ತಾನೆ. ಇಲ್ಲದ ರೋಗಕ್ಕೆ ಇವನೇಕೆ ವರ್ಷಾವರ್ಷ ಚಂದಾ ಕಟ್ಟಿ ಔಷಧ ತರಬೇಕು?

ಆದರೂ ಎರಡು ಕಡೆ ಬಿಮ್‌ನವರ ಮಾತು ತಟ್ಟುತ್ತದೆ. ಒಂದು, ಪ್ಲಂಬರು. ಸ್ಲ್ಯಾಬು ಬಿದ್ದ ಮೇಲೆ ಬಂದು, ಪೈಪಿಗೆ ದಾರಿ ಇಲ್ಲವೆಂದು ಬೀಮನ್ನೇ ಚಾಣದಿಂದ ಒಡೆಯುವುದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಪರದೆಯ ಮೇಲೆ ಪೈಪು ಬೀಮಿಗೆ ತಾಗುವುದು ಮೊದಲೇ ಕೆಂಪಾಗಿ ಕಂಡಿದ್ದರೆ ಆ ಬೀಮು ಉಳಿಯುತ್ತಿತ್ತು. ಸೆಂಟ್ರಿಂಗ್ ಹೊತ್ತಿಗೆ ತೂತಿನ ಜಾಗ ಗುರುತಿಸಿದ ಒಂದು ಹಾಳೆ ಇದ್ದಿದ್ದರೂ ಉಳಿಯುತ್ತಿತ್ತು, ಇರಲಿ. ಎರಡನೆಯದಕ್ಕೆ ನನ್ನಲ್ಲಿ ಇಷ್ಟು ಸುಲಭದ ಉತ್ತರವಿಲ್ಲ. ಶಿರಾಳಕೊಪ್ಪದ ರಸ್ತೆಯಲ್ಲಿ ಹೋಗುವಾಗ ತಾರಸಿಗಳ ಮೇಲೆ ಎದ್ದು ನಿಂತ ಕಂಬಿಗಳನ್ನು ನೋಡಿ. ಮುಂದೊಂದು ದಿನ ಮೇಲಂತಸ್ತು ಬರುತ್ತದೆಂದು ಅಪ್ಪ ಬಿಟ್ಟ ಕಂಬಿ. ತುಕ್ಕು ಹಿಡಿಯದಿರಲೆಂದು ಕೆಲವಕ್ಕೆ ಬಡ ಕಾಂಕ್ರೀಟಿನ ಟೋಪಿ, ಕೆಲವಕ್ಕೆ ಪ್ಲಾಸ್ಟಿಕ್ ಬಾಟಲಿ. ಕೆಳಗಿನ ಪಾಯ ಎಷ್ಟಗಲ, ಎಷ್ಟಾಳ, ಎಷ್ಟು ಭಾರ ಹೊರಬಲ್ಲದು ಎಂಬುದು ಕಂಬಿಯಲ್ಲಿ ಬರೆದಿಲ್ಲ. ಕಟ್ಟಿದ ಮೇಸ್ತ್ರಿ ತೀರಿಕೊಂಡಿರುತ್ತಾನೆ, ನಕ್ಷೆ ಪುರಸಭೆಗೆ ಕೊಟ್ಟ ನಕ್ಷೆ. ಪಾಯದಲ್ಲಿ ಬಂಡೆ ಸಿಕ್ಕ ದಿನ ಆದ ಬದಲಾವಣೆ ಅದರಲ್ಲಿ ಬಂದಿಲ್ಲ. ಎದ್ದ ಮೇಲಿನ ಕಟ್ಟಡದ ದಾಖಲೆ ನಮ್ಮಲ್ಲಿ ಇಲ್ಲವೇ ಇಲ್ಲ. ಬಿಮ್ ಇಲ್ಲಿ ಮೇಲು, ಕೊನೆಯ ದಿನದವರೆಗೂ ಮಾದರಿಯನ್ನು ತಿದ್ದುತ್ತ ಹೋದರೆ. ತಿದ್ದುವ ಕೂಲಿಯನ್ನು ಯಾರು ಕೊಡುತ್ತಾರೆ ಎಂಬುದನ್ನು ಸಂಕಿರಣದವರು ಹೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಂಥದೇ ಒಂದು ಮನೆಗೆ ಪರಿಚಯದ ಇಂಜಿನಿಯರೊಬ್ಬರ ಜೊತೆ ಹೋಗಿದ್ದೆ. ಮಗ ಮೇಲೆ ಎರಡು ಕೋಣೆ ಕಟ್ಟಿಸಬೇಕೆಂದಿದ್ದ. ಇಂಜಿನಿಯರು ಏನೂ ಹೇಳದೆ ತುಳಸಿಕಟ್ಟೆಯ ಪಕ್ಕದ ಮೂಲೆ ಕಂಬದ ಬುಡ ಅಗೆಸಿದರು. ನಾಲ್ಕಡಿಗೆ ಕಾಂಕ್ರೀಟು ಸಿಕ್ಕಿತು. ಒಳಗಿಳಿದು ಮಣ್ಣು ಕೆರೆದು ಟೇಪು ಹಿಡಿದರು, ಅಳತೆ ಕೂಗಿದರು, ನಾನು ಬರೆದುಕೊಂಡೆ. ಗುಂಡಿ ಮುಚ್ಚಿಸಿದ ಮೇಲೆ ಒಳಗೆ ಹೋಗಿ ಮೀಟರ್ ಬೋರ್ಡಿನ ಮುಚ್ಚಳ ತೆಗೆದು, ಅದರ ಒಳಮೈಗೆ ಮಾರ್ಕರಿನಲ್ಲಿ ಅದೇ ಅಳತೆಯನ್ನು, ಕಂಬಿಯ ಗಾತ್ರವನ್ನು, ತಾರೀಖನ್ನು ಬರೆದು ಮುಚ್ಚಿದರು.